ಹೆಜಿಮನಿ: ಮುಂದಾಳುತನವೋ, ದಬ್ಬಾಳಿಕೆಯೋ?

ಪ್ರಶ್ನೆ: ಇಂಗ್ಲಿಷ್ ಲೇಖನಗಳಲ್ಲಿ ಮತ್ತೆ ಮತ್ತೆ ಕಾಣುವ 'ಹೆಜಿಮನಿ' ಪದಕ್ಕೆ ನಿಘಂಟಿನಲ್ಲಿ 'ಪ್ರಾಬಲ್ಯ', 'ಆಧಿಪತ್ಯ' ಎಂಬ ಅರ್ಥಗಳಿವೆ. ಹಾಗಾದರೆ ಇದಕ್ಕೂ 'ಡಾಮಿನೇಷನ್' ಪದಕ್ಕೂ ವ್ಯತ್ಯಾಸವೇನು? ಇದರ ಮೂಲ ಯಾವುದು?

ಉತ್ತರ: ವ್ಯತ್ಯಾಸ ಮೂಲದಲ್ಲಿಯೇ ಇದೆ. 'ಡಾಮಿನೇಷನ್' ಬಂದಿರುವುದು ಒಡೆಯ ಎಂಬ ಅರ್ಥದ ಲ್ಯಾಟಿನ್ ಪದ 'ಡಾಮಿನಸ್'ನಿಂದ. 'ಹೆಜಿಮನಿ' ಗ್ರೀಕ್ ಮೂಲದ್ದು. ಅಲ್ಲಿ 'ಹೆಗೆಮೋನ್' ಎಂದರೆ ಮುಂದಾಳು, 'ಹೆಗೆಮೋನಿಯಾ' ಎಂದರೆ ಮುಂದಾಳುತನ. ಆಳುವವನಿಗಿಂತ ಹೆಚ್ಚಾಗಿ, ಮುಂದೆ ನಡೆಯುವವನನ್ನು ಸೂಚಿಸುವ ಪದವಿದು.

ಆ ಮುಂದಾಳುತನ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಅಥೆನ್ಸ್ ಒಳ್ಳೆಯ ಉದಾಹರಣೆ. ಪರ್ಷಿಯನ್ನರ ವಿರುದ್ಧ ಕ್ರಿ.ಪೂ. 478ರ ಹೊತ್ತಿಗೆ ಗ್ರೀಕ್ ನಗರಗಳು ಒಕ್ಕೂಟ ಕಟ್ಟಿಕೊಂಡು, ಅಥೆನ್ಸನ್ನು ತಾವಾಗಿಯೇ ಮುಂದಾಳೆಂದು ಒಪ್ಪಿದವು. ಹಡಗುಗಳನ್ನೋ ಹಣವನ್ನೋ ಒದಗಿಸುವ ಕರಾರಾಯಿತು. ಆದರೆ ಒಕ್ಕೂಟದಿಂದ ಹೊರಬರಲು ಹೊರಟ ನಾಕ್ಸೋಸ್ ದ್ವೀಪವನ್ನು ಅಥೆನ್ಸ್ ಮುತ್ತಿಗೆ ಹಾಕಿ ಮಣಿಸಿತು, ಮುಂದೆ ಕ್ರಿ.ಪೂ. 454ರಲ್ಲಿ ಡೆಲೋಸ್ ದ್ವೀಪದಲ್ಲಿದ್ದ ಸಾಮೂಹಿಕ ಖಜಾನೆಯೂ ಅಥೆನ್ಸಿಗೆ ಸಾಗಿತು. ಇಷ್ಟಾದ ಮೇಲೆ ಅದನ್ನು ಮುಂದಾಳುತನ ಎನ್ನುವುದು ಬರೀ ಮರ್ಯಾದೆಯ ಮಾತು.

ಇಂಗ್ಲಿಷಿಗೆ ಈ ಪದ ಬಂದದ್ದು ಹದಿನಾರನೆಯ ಶತಮಾನದಲ್ಲಿ. ಬಹುಕಾಲ ಅದು ರಾಜ್ಯ ರಾಜ್ಯಗಳ ನಡುವಣ ಮೇಲುಗೈಗಷ್ಟೇ ಸಲ್ಲುತ್ತಿತ್ತು. ರಾಜತಾಂತ್ರಿಕ ಭಾಷೆಯಲ್ಲಿ ಆ ಬಳಕೆ ಇಂದಿಗೂ ಉಳಿದಿದೆ: ಏಷ್ಯಾ-ಪೆಸಿಫಿಕ್ ವಲಯದಲ್ಲಿ ತಮ್ಮಿಬ್ಬರಲ್ಲಿ ಯಾರೂ 'ಹೆಜಿಮನಿ'ಗೆ ಯತ್ನಿಸಬಾರದು ಎಂದು ಅಮೆರಿಕ ಮತ್ತು ಚೀನಾ 1972ರ ಶಾಂಘೈ ಜಂಟಿ ಹೇಳಿಕೆಯಲ್ಲಿ ಬರೆದುಕೊಂಡಿವೆ.

ಸಂಸ್ಕೃತಿಯ ಚರ್ಚೆಗಳಲ್ಲಿ ನೀವು ಕಾಣುವ ಅರ್ಥ ಮುಖ್ಯವಾಗಿ ಇಟಲಿಯ ಚಿಂತಕ ಆಂಟೋನಿಯೊ ಗ್ರಾಮ್ಷಿಯದು. ಮುಸೊಲಿನಿಯ ಸರ್ಕಾರ 1926ರಲ್ಲಿ ಬಂಧಿಸಿದ ಆತ, ಸೆರೆಯಲ್ಲಿದ್ದಾಗ ಬರೆದ ಟಿಪ್ಪಣಿಗಳಲ್ಲಿ ಈ ಪರಿಕಲ್ಪನೆಯನ್ನು ಬೆಳೆಸಿದ. ಪೊಲೀಸರ ಲಾಠಿಯೊಂದರಿಂದಲೇ ಯಾವ ವರ್ಗವೂ ಬಹುಕಾಲ ಆಳಲಾರದು. ಶಾಲೆ, ಚರ್ಚು, ಪತ್ರಿಕೆಗಳ ಮೂಲಕ ತನ್ನ ದೃಷ್ಟಿಯನ್ನೇ ಎಲ್ಲರ ಸಾಮಾನ್ಯ ತಿಳಿವಳಿಕೆಯನ್ನಾಗಿಸಿ ಆಳಿಸಿಕೊಳ್ಳುವವರ ಸಮ್ಮತಿಯನ್ನೂ ಅದು ಪಡೆಯುತ್ತದೆ ಎಂಬುದು ಆತನ ವಿಚಾರದ ತಿರುಳು.

ಕನ್ನಡ ವಿಮರ್ಶೆಯಲ್ಲಿ ಬಳಕೆಯಲ್ಲಿರುವ 'ಯಜಮಾನಿಕೆ', 'ಯಾಜಮಾನ್ಯ' ಪದಗಳು ಈ ಅರ್ಥಕ್ಕೆ 'ದಬ್ಬಾಳಿಕೆ'ಗಿಂತ ಹತ್ತಿರದವು. ಮೇಲಧಿಕಾರಿಯೊಬ್ಬರ ದರ್ಪವನ್ನು 'ಹೆಜಿಮನಿ' ಎಂದು ಬರೆಯುವವರೂ ಇದ್ದಾರೆ; ಅಲ್ಲಿ 'ದರ್ಪ' ಎಂದರೇ ಸಾಕು. ಉಚ್ಚಾರಣೆಯಲ್ಲಿ 'ಜಿ' ಬದಲು 'ಗೆ' ಎಂದು 'ಹೆಗೆಮನಿ' ಎನ್ನುವುದೂ ಬ್ರಿಟನ್ನಿನಲ್ಲಿ ರೂಢಿಯಲ್ಲಿದೆ, ಎರಡೂ ಸರಿ.