ಡಿಫೈಲರ್‌ಗೆ ಎಷ್ಟು ಬಣ್ಣ ಬಳಿದರೂ ಜೆಸಿಬಿಯ ಹಾಗೆಯೇ ಕಾಣುವುದೇಕೆ?

ನೀವು ಕೇಳಿದ್ದು ಎರಡು. ವಾರ್‌ಹ್ಯಾಮರ್ 40,000 ಎಂಬ ಮೇಜಿನಾಟಕ್ಕೆ ನಾವೇ ಜೋಡಿಸಿ ಬಣ್ಣ ಬಳಿಯುವ ಡಿಫೈಲರ್ ಎಂಬ ಪ್ಲಾಸ್ಟಿಕ್ ಮಾದರಿ ದೆವ್ವದ ಯಂತ್ರವಾಗದೆ ಜೆಸಿಬಿಯಾಗಿಯೇ ಉಳಿಯುವುದೇಕೆ, ಕುಂಬಳೆಯ ಮಳೆಗಾಲದಲ್ಲಿ ಸ್ಪ್ರೇ ಪ್ರೈಮರ್ (ಬಣ್ಣಕ್ಕೆ ಮೊದಲು ಹಚ್ಚುವ ತಳಬಣ್ಣ) ಬೆಳ್ಳಗಾಗುವುದೇಕೆ.

ಪ್ರೈಮರ್‌ನದ್ದು ಬೇಗ ಮುಗಿಯುತ್ತದೆ. ದ್ರಾವಕ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲಿ ಕೂರುತ್ತದೆ, ಅದೇ ಆ ಬಿಳಿ ಮಸುಕು. ಮುಟ್ಟಿದರೆ ಮರಳಿನ ಹಾಗೆ ತರಿತರಿ ಇದ್ದರೆ ಕಾರಣ ಬೇರೆ: ಡಬ್ಬಿಯನ್ನು ದೂರ ಹಿಡಿದಿದ್ದೀರಿ, 20–25 ಸೆಂ.ಮೀ. ಸಾಕು. ಆಟಿ ತಿಂಗಳಲ್ಲಂತೂ ಸ್ಪ್ರೇ ಬಿಟ್ಟು ಅಕ್ರಿಲಿಕ್ ಪ್ರೈಮರನ್ನು ಕುಂಚದಲ್ಲಿ ತೆಳುವಾಗಿ ಎರಡು ಸಲ ಹಚ್ಚಿ, ಒಂದು ರಾತ್ರಿ ಬಿಡಿ. ಸೂಪರ್ ಗ್ಲೂ ಕೂಡ ಬಿಳಿ ಬೂದಿ ಕಟ್ಟಿಸುತ್ತದೆ. ಈ ಮಾದರಿಯ ಪ್ಲಾಸ್ಟಿಕ್ಕಾದ ಪಾಲಿಸ್ಟೈರೀನ್‌ಗೆ ಅದನ್ನೇ ಕರಗಿಸಿ ಬೆಸೆಯುವ ಪ್ಲಾಸ್ಟಿಕ್ ಸಿಮೆಂಟ್ ಅಂಟೇ ಸರಿ. ಒಡಲು ಭಾರ, ಒಂದೊಂದೇ ಕಾಲು ಅಂಟಿಸಿ ಒಣಗಿಸಿದರೆ ಕೊನೆಗೆ ಒಂದು ಕಾಲು ಗಾಳಿಯಲ್ಲಿ ನಿಲ್ಲುತ್ತದೆ. ಎಲ್ಲವನ್ನೂ ಒಟ್ಟಿಗೆ ಅಂಟಿಸಿ, ಅಂಟು ಮೆತ್ತಗಿರುವಾಗಲೇ ಕನ್ನಡಿಯ ಮೇಲೆ ನಿಲ್ಲಿಸಿ ಪಾದ ಸರಿಮಾಡಿಕೊಳ್ಳಿ.

ಇನ್ನು ಜೆಸಿಬಿ. ಆಟದ ಕಥೆಯಲ್ಲಿ ಆ ಏಡಿಕಾಲಿನ ಕಬ್ಬಿಣದೊಳಗೆ ಇರುವುದು ಮಂತ್ರ ಹಾಕಿ ಕೂಡಿಹಾಕಿದ ದೆವ್ವ. ಅದಕ್ಕೆ ಅಲ್ಲಿರುವುದು ಬೇಡ. ನಮ್ಮ ಮಾತಿನಲ್ಲಿ ದಿಗ್ಬಂಧನ. ಹೆಚ್ಚಿನವರು ಎಲ್ಲ ಕಡೆ ಕೆಂಪು ಬಳಿದು ಮೇಲಿಂದ ರಕ್ತ ಚೆಲ್ಲುತ್ತಾರೆ, ಒಳಗಿರುವವನು ಕಾಣುವುದೇ ಇಲ್ಲ. ಕಬ್ಬಿಣ ಬರೀ ಪಂಜರ. ಅದಕ್ಕೆ ಕಪ್ಪು, ಅಂಚಿಗಷ್ಟೇ ಒಣಕುಂಚದಲ್ಲಿ ಲೋಹದ ಬಣ್ಣ. ಉರಿಯೆಲ್ಲ ಸಂದಿಯಲ್ಲಿರಲಿ: ಒಡಲಿನ ಮೇಲೆ ಕೊರೆದ ಅಕ್ಷರಗಳ ಆಳಕ್ಕೆ ಬಿಳಿ, ಅದರ ಮೇಲೆ ತೆಳು ಹಳದಿ, ಅಂಚಿಗೆ ಬರುವಾಗ ಕಿತ್ತಳೆ. ಹೊರಗೆ ಗಾಢ, ಒಳಗೆ ಬೆಳಕು. ಇದು ತಿರುಗುಮುರುಗಾದರೆ ಬೆಂಕಿಯಲ್ಲ, ತುಕ್ಕು.

ಕೀಲುಗಳಲ್ಲಿ ಮಾಂಸ ಉಕ್ಕಿ ಬಂದಂತೆ ಮಾಡಲು ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷ, ಅಂದರೆ ರಕ್ಕಸ ವೇಷ ನೋಡಿ. ಮುಖದ ಮೇಲೆ ಚಿಟ್ಟಿ ಇಡುವುದು ಗೊತ್ತಲ್ಲ, ಅಕ್ಕಿಹಿಟ್ಟು-ಸುಣ್ಣದ ಸಾಲು ಸಾಲು ಮುಳ್ಳು. ಅದೇ ಲೆಕ್ಕ. ಆದರೆ ಅಕ್ಕಿಹಿಟ್ಟು ಬೇಡ, ಬೂಸ್ಟು ಹಿಡಿಯುತ್ತದೆ. ಎಪಾಕ್ಸಿ ಪುಟ್ಟಿಯ ಎರಡೂ ಭಾಗ ಸಮಸಮ ನಾದಿ, ಸಾಸಿವೆಯ ಅರ್ಧದಷ್ಟು ಉಂಡೆ ಇಟ್ಟು, ಒದ್ದೆ ಸೂಜಿಯಿಂದ ತುದಿ ಎಳೆಯಿರಿ. ಕೀಲಿನ ಹತ್ತಿರ ಒತ್ತೊತ್ತಾಗಿ, ದೂರ ಹೋದಂತೆ ವಿರಳ. ಅಳತೆ ಒಂದೇ ಇದ್ದರೆ ಗುಂಡಿ ಹೊಲಿದಂತೆ ಕಾಣುತ್ತದೆ. (ಭೂತಕೋಲದ ದೈವದ ಮುಖವರ್ಣಿಕೆಯನ್ನು ಮಾತ್ರ ಎತ್ತಿ ಹಾಕಬೇಡಿ. ಇಲ್ಲಿರುವುದು ರಕ್ಕಸ, ದೈವವಲ್ಲ.)

ಕಾಲಿನ ಧೂಳಿಗೆ ದುಡ್ಡು ಕೊಟ್ಟು ಪಿಗ್ಮೆಂಟ್ (ಬಣ್ಣದ ಹುಡಿ) ತರಿಸಬೇಡಿ. ಮುರಕಲ್ಲಿನ ಹುಡಿಯನ್ನು ಹಳೆ ಪಂಚೆಯಲ್ಲಿ ಜಾಲಿಸಿ, ಬಾಣಲೆಯಲ್ಲಿ ಬಿಸಿ ಮಾಡಿ ತೇವ ತೆಗೆದರೆ ಅದಕ್ಕಿಂತ ಒಳ್ಳೆಯ ತುಕ್ಕುಗೆಂಪು ಇಲ್ಲ. ಐಸೋಪ್ರೊಪೈಲ್ ಆಲ್ಕೋಹಾಲ್ ಒಂದೆರಡು ಹನಿ ಬಿಟ್ಟರೆ ಕೂರುತ್ತದೆ. ವಾರ್ನಿಶ್ ಮೊದಲು, ಹುಡಿ ಆಮೇಲೆ. ಅದಲುಬದಲಾದರೆ ಕೆಂಪು ಹೋಗಿ ಒದ್ದೆ ಮಣ್ಣಿನ ಬಣ್ಣ ಬರುತ್ತದೆ.