ಅಮ್ಮನ ಎಲ್ಲ ಮಾತ್ರೆಗಳನ್ನೂ ತಿಂಗಳಿಗೆ ಒಂದೇ ದಿನ ತರುವಂತೆ ಮಾಡುವುದು ಹೇಗೆ?

ಚಿಂತಾಮಣಿ ಬಳಿಯ ಹಳ್ಳಿಯಲ್ಲಿ ಒಬ್ಬರೇ ಇರುವ ನಿಮ್ಮ ತಾಯಿಯವರಿಗೆ ಬಿಪಿ, ಸಕ್ಕರೆ, ಹೃದಯ, ಥೈರಾಯ್ಡ್ ಎಂದು ಹಲವು ಮಾತ್ರೆಗಳಿವೆ, ಒಂದೊಂದು ಒಂದೊಂದು ದಿನ ಮುಗಿದು ಪದೇ ಪದೇ ಪೇಟೆಗೆ ಬರಬೇಕಾಗುತ್ತದೆ ಎಂದು ಬರೆದಿದ್ದೀರಿ. ನಾನು ಪಕ್ಕದ ಶ್ರೀನಿವಾಸಪುರದಲ್ಲಿ ಔಷಧ ಅಂಗಡಿ ನಡೆಸುತ್ತೇನೆ. ಓಡಾಟದ ದಣಿವಿಗಿಂತ ನನಗೆ ಆತಂಕ ತರುವ ಸಂಗತಿ ಬೇರೆ ಇದೆ. "ಹೇಗೂ ಸೋಮವಾರ ಪೇಟೆಗೆ ಹೋಗಬೇಕಲ್ಲ, ಆಗ ತಂದರಾಯಿತು" ಎಂದು ವಯಸ್ಸಾದವರು ನಾಲ್ಕು ದಿನ ಮಾತ್ರೆಯಿಲ್ಲದೆ ಕಳೆದುಬಿಡುತ್ತಾರೆ. ಬಿಪಿ ಮಾತ್ರೆ ಹಾಗೆ ಬಿಡುವಂಥದ್ದಲ್ಲ. ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ನಿಲ್ಲಿಸಿದರೆ ಜೀವಕ್ಕೇ ಅಪಾಯ.

ಒಂದೇ ದಿನ ಕೊಂಡ ಮಾತ್ರೆಗಳೂ ಬೇರೆ ಬೇರೆ ದಿನ ಮುಗಿಯುವುದಕ್ಕೆ ಶೀಟಿನ ಲೆಕ್ಕವೇ ಕಾರಣ. ಬಿಪಿಯ ಟೆಲ್ಮಿಸಾರ್ಟನ್ ಒಂದು ಕಂಪನಿಯದು 10ರ ಶೀಟು, ಇನ್ನೊಂದರದು 15ರದು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್ 14ರ ಶೀಟಿನಲ್ಲೂ ಬರುತ್ತದೆ. ಥೈರಾಯ್ಡ್ ಮಾತ್ರೆ ನೂರು ಚಿಲ್ಲರೆಯ ಡಬ್ಬಿ. ಸಕ್ಕರೆಗೆ ದಿನಕ್ಕೆ ಎರಡು ಮೆಟ್‌ಫಾರ್ಮಿನ್ ನುಂಗುವವರಿಗೆ 10ರ ಶೀಟು ಐದೇ ದಿನ.

ಮೊದಲು ಒಂದು ತಾರೀಖು ಗೊತ್ತು ಮಾಡಿ. ಪಿಂಚಣಿ ಬಂದ ಮೇಲೆ, ಇಲ್ಲವೇ ಡೇರಿಯಲ್ಲಿ ಹಾಲಿನ ಬಟವಾಡೆಯಾದ ಮೇಲೆ, ಕೈಯಲ್ಲಿ ದುಡ್ಡಿರುವ ದಿನವಾಗಿರಲಿ. ಬಿಪಿ ಮತ್ತು ಸಕ್ಕರೆಯ ಮಾತ್ರೆಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಪಡೆಯುತ್ತಿದ್ದರೆ ಆ ದಿನಕ್ಕೇ ಉಳಿದವನ್ನೂ ಹೊಂದಿಸಿ. 2024ರಲ್ಲಿ ನಮ್ಮ ಕೋಲಾರ ಜಿಲ್ಲೆಯಲ್ಲೇ ಮೊದಲು ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ ಈ ಎರಡು ಕಾಯಿಲೆಗಳ ಮಾತ್ರೆ ಮನೆಗೇ ಬರುತ್ತದೆ. ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ ನೋಡಿ.

ಆಮೇಲೆ ಮನೆಯಲ್ಲಿ ಉಳಿದಿರುವ ಮಾತ್ರೆಗಳನ್ನು ಎಣಿಸಿ. ಇಂದು 20ನೇ ತಾರೀಖಿನ ಬೆಳಿಗ್ಗೆ, ಗೊತ್ತು ಮಾಡಿದ ದಿನ ಮುಂದಿನ 5 ಎಂದುಕೊಳ್ಳಿ. 30 ದಿನಗಳ ತಿಂಗಳಾದರೆ ನಡುವೆ 15 ದಿನ. ಬಸ್ ತಪ್ಪಿದರೆ, ಅಂಗಡಿಯಲ್ಲಿ ದಾಸ್ತಾನು ಇಲ್ಲದಿದ್ದರೆ ಎಂದು ಇನ್ನೊಂದು ವಾರದ್ದು ಸೇರಿಸಿ, ಒಟ್ಟು 22 ದಿನ. ಬಿಪಿ ಮಾತ್ರೆ 6 ಉಳಿದಿದ್ದರೆ 16 ಕೊಳ್ಳಿ. ಕೊಲೆಸ್ಟ್ರಾಲ್‌ನದು 3 ಇದ್ದರೆ 19, ಆಸ್ಪಿರಿನ್ 9 ಇದ್ದರೆ 13. ದಿನಕ್ಕೆರಡರ ಮೆಟ್‌ಫಾರ್ಮಿನ್ 22 ಇದ್ದರೆ ಇನ್ನೂ 22. ಈ ಬಿಡಿ ಲೆಕ್ಕ ಒಂದು ಸಲಕ್ಕೆ ಮಾತ್ರ. 5ರಿಂದ ಎಲ್ಲವೂ 30 ದಿನದ್ದು. ಆದರೆ ತಿಂಗಳಿಗೆ 30ರಂತೆ ಕೊಂಡರೆ ವರ್ಷಕ್ಕೆ 360 ದಿನವಷ್ಟೇ ಆಯಿತು. ಉಳಿದ 5 ದಿನಗಳು ಹೆಚ್ಚಾಗಿ ಇಟ್ಟ ಆ ವಾರದ ಮಾತ್ರೆಗಳನ್ನೇ ನುಂಗಿಹಾಕುತ್ತವೆ. ಹಾಗಾಗಿ ಯುಗಾದಿಗೊಮ್ಮೆ, ದಸರೆಗೊಮ್ಮೆ ಎಣಿಸಿ ತುಂಬಿಸಿಡಿ.

ಶೀಟು ಕತ್ತರಿಸಿ ಕೊಡಿ ಎಂದು ಕೇಳಲು ಸಂಕೋಚ ಬೇಡ. ಬ್ಯಾಚ್ ಸಂಖ್ಯೆ ಮತ್ತು ಅವಧಿ ಮುಗಿಯುವ ತಿಂಗಳು ಸಾಮಾನ್ಯವಾಗಿ ಶೀಟಿನ ಒಂದು ತುದಿಯಲ್ಲಿ ಮಾತ್ರ ಅಚ್ಚಾಗಿರುತ್ತವೆ. ಆ ತುದಿ ನಿಮ್ಮ ಪಾಲಿಗೆ ಬಾರದಿದ್ದರೆ ಅವೆರಡನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಕತ್ತರಿಸಲು ಒಪ್ಪದಿದ್ದರೆ ಇಡೀ ಶೀಟು ಕೊಂಡು, ಹೆಚ್ಚಾದಷ್ಟನ್ನು ಮುಂದಿನ ತಿಂಗಳು ಕಡಿಮೆ ಮಾಡಿ.

ಎಲ್ಲವನ್ನೂ ಒಂದೇ ಅಂಗಡಿಯಲ್ಲಿ ಕೊಳ್ಳಿ ಎಂದು ನಾನು ಒತ್ತಿ ಹೇಳುವುದು ವ್ಯಾಪಾರಕ್ಕಾಗಿ ಅಲ್ಲ. ಅದು ಜನೌಷಧಿ ಕೇಂದ್ರವಾದರೂ ಸರಿಯೇ, ಬೆಲೆ ಬಹಳ ಕಡಿಮೆ. ಸಕ್ಕರೆಗೆ ಕೋಲಾರದ ವೈದ್ಯರು, ಹೃದಯಕ್ಕೆ ಬೆಂಗಳೂರಿನವರು ಎಂದಾದಾಗ ಒಂದೇ ಔಷಧ ಎರಡು ಹೆಸರಿನಲ್ಲಿ ಮನೆ ಸೇರುತ್ತದೆ. ಸಕ್ಕರೆಯದೇ ಇನ್ನೊಂದು ಔಷಧವಾದ ಗ್ಲಿಮೆಪಿರೈಡ್ ಜೊತೆ ಮೆಟ್‌ಫಾರ್ಮಿನ್ ಸೇರಿದ ಮಾತ್ರೆಯೊಂದು, ಬರೀ ಮೆಟ್‌ಫಾರ್ಮಿನ್ ಇನ್ನೊಂದು. ಕೆಲವೊಮ್ಮೆ ವೈದ್ಯರು ಬೇಕೆಂದೇ ಹಾಗೆ ಬರೆದಿರುತ್ತಾರೆ, ಕೆಲವೊಮ್ಮೆ ಒಬ್ಬರು ಕೊಟ್ಟಿದ್ದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಎರಡೂ ಚೀಟಿಗಳನ್ನು, ಮನೆಯಲ್ಲಿರುವ ಅಷ್ಟೂ ಶೀಟುಗಳನ್ನು ಒಂದೇ ಚೀಲದಲ್ಲಿ ತಂದು ತೋರಿಸಿದರೆ ನಮ್ಮ ಕಣ್ಣಿಗೆ ಬೀಳುತ್ತದೆ. ಯಾವುದನ್ನು ನಿಲ್ಲಿಸಬೇಕು ಎಂಬುದನ್ನು ಮಾತ್ರ ವೈದ್ಯರೇ ಹೇಳಬೇಕು. ಹಾಗೆಯೇ ಡೋಸ್ ಸ್ಥಿರವಾಗಿದ್ದರೆ ಚೀಟಿಯಲ್ಲಿ ಮೂರು ತಿಂಗಳಿಗೆ ಎಂದು ಬರೆದುಕೊಡಲು ಕೇಳಿ.

ಕೆಲವನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಆ್ಯಂಟಿಬಯೋಟಿಕ್, ನೋವಿನ ಮಾತ್ರೆ ಅವುಗಳ ಪಾಡಿಗೆ ಇರಲಿ. ರಕ್ತ ಹೆಪ್ಪುಗಟ್ಟದಂತೆ ಕೊಡುವ, ರಕ್ತ ಪರೀಕ್ಷೆ ನೋಡಿ ಡೋಸ್ ಬದಲಿಸುವ ವಾರ್ಫರಿನ್ ಅನ್ನು ಹೆಚ್ಚು ಕೊಂಡಿಡಬೇಡಿ. ಇನ್ಸುಲಿನ್ ಬಾಟಲಿಯನ್ನು ತೆರೆದ ಮೇಲೆ, ಔಷಧ ಉಳಿದಿದ್ದರೂ, ಸಾಮಾನ್ಯವಾಗಿ ನಾಲ್ಕು ವಾರಕ್ಕಿಂತ ಹೆಚ್ಚು ಬಳಸುವಂತಿಲ್ಲ. ತೆರೆದ ತಾರೀಖನ್ನು ಬಾಟಲಿಯ ಮೇಲೇ ಬರೆದಿಡಿ. ಹೊಸದಾಗಿ ಶುರುವಾದ ಮಾತ್ರೆ ಮೈಗೆ ಒಗ್ಗಿತೇ ಎಂದು ತಿಳಿಯುವವರೆಗೆ ಹದಿನೈದು ದಿನದ್ದಷ್ಟೇ ಸಾಕು. ಡೋಸ್ ಬದಲಾದ ದಿನವೇ ಹಳೆಯ ಶೀಟುಗಳನ್ನು ಡಬ್ಬಿಯಿಂದ ತೆಗೆಸಿ. ಕತ್ತರಿಸದ ಶೀಟನ್ನು ಬಿಲ್ ಸಮೇತ ತಂದರೆ ನಾನು ವಾಪಸ್ ಪಡೆಯುತ್ತೇನೆ, ನಿಮ್ಮ ಅಂಗಡಿಯವರನ್ನೂ ಕೇಳಿ.