ಖಾಲಿ ಆಫೀಸೇ ಹಿತ, ಮನೆಯಲ್ಲಿ ಸುಳ್ಳು

ಪ್ರಶ್ನೆ: ಕೊರೋನಾ ಶುರುವಾದ ಮೇಲೆ ನಮ್ಮ ಆಫೀಸಿನ ಬಹುತೇಕರು ಮನೆಯಿಂದಲೇ ಕೆಲಸ ಮಾಡುತ್ತಿದ್ದಾರೆ. ನಾನು ದಿನವೂ ಹೋಗುತ್ತೇನೆ. ಇಡೀ ಮಹಡಿಯಲ್ಲಿ ಮೂರೋ ನಾಲ್ಕೋ ಜನ. ಬರಬೇಕೆಂದೇನೂ ಇಲ್ಲ ಎಂದು ಬಾಸ್ ಎಂದೋ ಹೇಳಿದ್ದಾರೆ. ಮನೆಯಲ್ಲಿ ಮಾತ್ರ 'ಹೋಗಲೇಬೇಕಂತೆ' ಎಂದಿದ್ದೇನೆ. ಮಕ್ಕಳ ಆನ್‌ಲೈನ್ ಕ್ಲಾಸು, ಗಂಡನ ಮೀಟಿಂಗು, ಅತ್ತೆಯ ಟೀವಿ ನಡುವೆ ನನಗೆ ತಲೆಯೇ ಓಡುವುದಿಲ್ಲ. ಅತ್ತೆಗೆ ಎಪ್ಪತ್ತು ದಾಟಿದೆ, ಸಕ್ಕರೆ ಕಾಯಿಲೆ ಬೇರೆ. ನಾನು ಸ್ವಾರ್ಥಿಯಾ?

ಉತ್ತರ: ಒಂದಿಷ್ಟು ಹೊತ್ತು ಯಾರೂ ಕರೆಯದಿರಲಿ ಅನ್ನಿಸುವುದು ಸ್ವಾರ್ಥ ಅಲ್ಲ. ಗಂಡನ ಮೀಟಿಂಗಿನ ಬಗ್ಗೆ ಬರೆದಿದ್ದೀರಿ. ನಿಮಗೂ ಮೀಟಿಂಗು ಇರುತ್ತದೆ ಅಲ್ವಾ? ಅದರ ಸುದ್ದಿಯೇ ಪತ್ರದಲ್ಲಿಲ್ಲ!

ಆದರೆ ಆ ಸುಳ್ಳು ಸರಿಯಿಲ್ಲ. ವಯಸ್ಸಾದವರಿಗೆ, ಅದರಲ್ಲೂ ಸಕ್ಕರೆ ಕಾಯಿಲೆ ಇರುವವರಿಗೆ ಕೋವಿಡ್ ಬಂದರೆ ಜೋರಾಗುವ ಸಾಧ್ಯತೆ ಜಾಸ್ತಿ. ನೀವು ಹೊರಗೆ ಹೋಗಿ ಬರುವ ಅಪಾಯದಲ್ಲಿ ಅತ್ತೆಯ ಪಾಲೂ ಇದೆ. ಹೋಗುವುದು ನಿಮ್ಮ ಆಯ್ಕೆ ಎಂಬುದು ಅವರಿಗೆ ಗೊತ್ತಿರಬೇಕು. ಮೊದಲು ಗಂಡನಿಗೆ ಹೇಳಿ, ಆಮೇಲೆ ಇಬ್ಬರೂ ಕೂತು ಅತ್ತೆಗೆ ಹೇಳಿ. 'ನಿಮ್ಮ ಗಲಾಟೆ ತಡೆಯಲಾರದೆ' ಎಂದು ಶುರು ಮಾಡಬೇಡಿ, ಮಾತು ಬೇರೆ ಕಡೆ ಹೋಗುತ್ತದೆ. 'ಅಲ್ಲಿ ನನ್ನ ಕೆಲಸ ಬೇಗ ಮುಗಿಯುತ್ತದೆ' ಎಂದರೆ ಸಾಕು. ಅದು ನಿಜವೂ ಹೌದು.

ಇನ್ನೊಂದು ಮಾತು. ಖಾಲಿ ಇದೆ ಎಂದ ಮಾತ್ರಕ್ಕೆ ಆಫೀಸು ಸುರಕ್ಷಿತ ಅಲ್ಲ. ಮುಚ್ಚಿದ ಕೋಣೆಯಲ್ಲಿ ಸೋಂಕಿರುವವರು ಎದ್ದು ಹೋದ ಮೇಲೂ ವೈರಸ್ಸು ಗಾಳಿಯಲ್ಲಿ ತೇಲುತ್ತಿರಬಹುದು. ಎಷ್ಟೋ ಏಸಿಗಳು ಒಳಗಿನ ಗಾಳಿಯನ್ನೇ ಸುತ್ತಿಸುತ್ತವೆ. ಕಿಟಕಿ ತೆಗೆಯಲು ಬರುವ ಜಾಗದಲ್ಲಿ ಕೂತುಕೊಳ್ಳಿ. ನನಗೆ ಹೆಚ್ಚು ಭಯ ಊಟದ ಹೊತ್ತಿನದು. ಇರುವ ನಾಲ್ಕೇ ಜನ, ಬೇಜಾರು ಕಳೆಯಲು ಒಂದೇ ಮೇಜಿಗೆ ಬರುತ್ತಾರೆ, ಮಾಸ್ಕು ಒಟ್ಟಿಗೇ ಕಳಚುತ್ತದೆ. ಬುತ್ತಿ ಬೇರೆ ಬೇರೆ ಕೂತು ಬಿಚ್ಚಿ, ಹರಟೆ ಫೋನಿನಲ್ಲಿ ಹೊಡೆಯಿರಿ. ಬಹಳ ದಿನ ಬಳಸದ ಪೈಪುಗಳಲ್ಲಿ ನಿಂತ ನೀರಿನಲ್ಲಿ ಲೆಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯಬಹುದು. ಆ ನೀರಿನ ಸಣ್ಣ ಹನಿಗಳು ಉಸಿರಿಗೆ ಸೇರಿದರೆ ನ್ಯುಮೋನಿಯಾ ಬರುವುದುಂಟು. ನಲ್ಲಿಗಳ ನೀರನ್ನು ಆಗಾಗ ಹರಿಯಬಿಡಿಸಿ ಎಂದು ಕಟ್ಟಡ ನೋಡಿಕೊಳ್ಳುವವರಿಗೆ ಹೇಳಿ. ಒಬ್ಬರೇ ಉಳಿಯುವ ದಿನ, ಎಷ್ಟು ಹೊತ್ತಿಗೆ ಹೊರಡುತ್ತೀರಿ ಎಂದು ಯಾರಿಗಾದರೂ ತಿಳಿಸಿರಿ.

ಇಷ್ಟಾದ ಮೇಲೂ ಅತ್ತೆ ಹೆದರಿದರೆ ಸದ್ಯಕ್ಕೆ ಆಫೀಸು ಬಿಡಿ. ಆದರೆ ಸುಮ್ನೆ ಬಿಡಬೇಡಿ. ಬಾಗಿಲಿರುವ ಒಂದು ಕೋಣೆ ದಿನಕ್ಕೆ ಇಷ್ಟು ಗಂಟೆ ನಿಮಗೆ ಎಂದು ಗೊತ್ತು ಮಾಡಿಕೊಳ್ಳಿ. ಆ ಹೊತ್ತಿನಲ್ಲಿ ಮಕ್ಕಳು ಕೂಗಿದರೆ ಯಾರು ಏಳಬೇಕು ಎಂಬುದೂ ಆಗಲೇ ತೀರ್ಮಾನವಾಗಲಿ.